ಹಲ್ಲುಚಕ್ರವೂ ಕ್ಯಾಟರ್‌ಬಿಲ್ಲೂ

ಕ್ಯಾಟರ್‌ಬಿಲ್ಲು ಅನಾದಿಕಾಲದಿಂದ ಬಂದ ಆಟಿಕೆಯೆಂದು ನಾವು ಎಣಿಸುವುದುಂಟು. ಪುರಾತನವಾದದ್ದು ಕವಣೆ. ಹೊಲದ ಮಂಚಿಕೆಯೇರಿ, ಹಗ್ಗದ ಮಡಿಕೆಯಲ್ಲಿ ಕಲ್ಲಿಟ್ಟು, ತಲೆಯ ಸುತ್ತ ಬೀಸಿ ಹಕ್ಕಿಗಳನ್ನು ಎಬ್ಬಿಸುತ್ತಿದ್ದ ಆ ಸಾಧನಕ್ಕೆ ತೋಳಿನ ಬಲವೊಂದೇ ಸಾಕು. ಕವೆಗೋಲಿನ ಬಿಲ್ಲಿಗಾದರೋ ಒಳ್ಳೆಯ ರಬ್ಬರು ಬೇಕು. ಗಂಧಕ ಬೆರಸಿ ಕಾಯಿಸಿ ರಬ್ಬರನ್ನು ಹದಗೊಳಿಸುವ ಬಗೆಯನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು 1799ರಲ್ಲಿ ಮಡಿದಾಗ, ಬೆಂಕಿಯ ಬಾಣಗಳನ್ನು ಕಂಡಿದ್ದ ಈ ಸೀಮೆ ಕ್ಯಾಟರ್‌ಬಿಲ್ಲನ್ನು ಕಂಡಿರಲಿಲ್ಲ!

ರಬ್ಬರನ್ನು ಎರಡರಷ್ಟು ದೂರ ಎಳೆದರೆ ಅದರಲ್ಲಿ ಸೇರುವ ಶಕ್ತಿ ಸುಮಾರಾಗಿ ನಾಲ್ಕರಷ್ಟು. ಆದರೆ ಮನುಷ್ಯನ ತೋಳಿಗೆ ಮಿತಿಯಿದೆ. ಯೂರೋಪಿನ ಹಳೆಯ ಅಡ್ಡಬಿಲ್ಲುಗಾರರು ಈ ಮಿತಿಯನ್ನು ಮೀರಲು ಹಿಡಿ ತಿರುಗಿಸಿ ಹೆದೆಯೆಳೆಯುವ ಯಂತ್ರಗಳನ್ನು ಕೂಡಿಸಿದರು. ದೊಡ್ಡಬಳ್ಳಾಪುರದ ನೇಕಾರರ ಕೇರಿಯಲ್ಲಿ ನಮ್ಮ ನೆಂಟರ ಹುಡುಗನೊಬ್ಬನಿಗೆ ಹೊಳೆದದ್ದೂ ಅದೇ. ಲಾಳಿಯನ್ನು ಅತ್ತಿತ್ತ ಎಸೆಯುವ ಯಂತ್ರಗಳ ಸದ್ದಿನಲ್ಲೇ ಬೆಳೆದವನು, ಆಶ್ಚರ್ಯವೇನು?

ಅವನ ತಾತನ ಕೈಮಗ್ಗ ಬಿಚ್ಚಿ ಅಟ್ಟ ಸೇರಿತ್ತು. ನೇಯ್ದ ಬಟ್ಟೆಯನ್ನು ಸುತ್ತುವ ದಿಂಡು ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲುಚಕ್ರವೂ ಕೊಕ್ಕೆಯೂ ಮಾತ್ರ ಗಟ್ಟಿಯಾಗಿದ್ದವು. ಹುಡುಗ ಅವನ್ನೇ ಬೇಡಿದ. ತಾತ ಬಹಳ ಹೊತ್ತು ಚಕ್ರವನ್ನು ಸವರುತ್ತ ಕುಳಿತಿದ್ದು, “ತಗೋ ಮಗ. ಆದರೆ ಹಲ್ಲಿಗೆ ಅರ ಮುಟ್ಟಿಸಿದೀಯೋ, ಜೋಕೆ!” ಎಂದರು. ಆ ಮಗ್ಗವನ್ನು ಮತ್ತೆ ಹೂಡುವ ಆಸೆ ಅವರಲ್ಲಿ ಉಳಿದಿತ್ತೆಂದು ನನ್ನ ಊಹೆ. ಕೇಳುವ ಧೈರ್ಯ ನನಗಾಗಲಿಲ್ಲ.

ಈ ನಿಷೇಧದಿಂದ ಉಪಕಾರವೇ ಆಯಿತು. ಕೊಕ್ಕೆ ಬಿಡಿಸಿ ಹಗ್ಗದೊಡನೆ ದಿಂಡನ್ನೂ ಹಿಂದಿರುಗಲು ಬಿಟ್ಟಿದ್ದರೆ, ರಬ್ಬರಿನ ಬಹುಪಾಲು ಶಕ್ತಿ ಆ ಮರದ ತುಂಡನ್ನು ತಿರುಗಿಸುವುದರಲ್ಲೇ ತೀರುತ್ತಿತ್ತು. ಹುಡುಗ ಚಕ್ರವನ್ನು ಮುಟ್ಟದೆ, ಕಲ್ಲಿಡುವ ತೊಗಲನ್ನು ಮಾತ್ರ ಬಿಟ್ಟುಕೊಡುವ ಬೇರೊಂದು ಗಾಳವನ್ನು ಮಾಡಿಕೊಂಡ. ಹಿಡಿ 20 ಸೆಂಟಿಮೀಟರು, ದಿಂಡಿನ ಅರೆವ್ಯಾಸ ಎರಡೂವರೆ. ಘರ್ಷಣೆಯನ್ನು ಬಿಟ್ಟು ಲೆಕ್ಕಹಾಕಿದರೆ, 24 ಕಿಲೋ ಎಳೆತಕ್ಕೆ ಕೈಗೆ ಮೂರೇ ಕಿಲೋ ಭಾರ.

ಗೋಡೆಗೆ ಒರಗಿಸಿದ ಖಾಲಿ ಎಣ್ಣೆಡಬ್ಬವೇ ಗುರಿ. ರಬ್ಬರು ಹರಿದರೆ ಹಾರುವುದು ಮುಖದ ಕಡೆಗೇ. ಆದುದರಿಂದ ಎಲ್ಲರ ಕಣ್ಣಿಗೂ ಕನ್ನಡಕವಾಗಲಿ ಎಂದು ಹಟಹಿಡಿದೆ. ಮೊದಲು ಒಂದೇ ಜೊತೆ ಸೈಕಲ್ ಟ್ಯೂಬಿನ ಪಟ್ಟಿ. ತಾತ ಕೈಯಿಂದ ಒಂದೇ ಉಸಿರಿಗೆ ಎಳೆದು ಬಿಟ್ಟರು, ಡಬ್ಬ ಉರುಳಿತು. ಯಂತ್ರ ಅಷ್ಟೇ ದೂರ ಎಳೆದು ಬಿಟ್ಟ ಕಲ್ಲು ಡಬ್ಬವನ್ನು ಬರಿದೇ ತಟ್ಟಿತು. ತಾತನ ನಗು ನಿಲ್ಲಲಿಲ್ಲ.

ಕಾರಣ ರಬ್ಬರಿನಲ್ಲಿಯೇ ಇದೆ. ಎಳೆದ ರಬ್ಬರು ಬಿಸಿಯಾಗುತ್ತದೆಂಬುದನ್ನು ಇಂಗ್ಲೆಂಡಿನ ಜಾನ್ ಗಾಫ್ ಎಂಬ ಅಂಧ ವಿದ್ವಾಂಸ ತುಟಿಗೆ ಒತ್ತಿ ಅರಿತು, 1805ರಲ್ಲಿ ಪ್ರಕಟಿಸಿದ್ದ, ವಾಚಕರೂ ಪರೀಕ್ಷಿಸಬಹುದು. ತಟ್ಟನೆ ಎಳೆದು ಬಿಟ್ಟರೆ ಆ ಬಿಸಿಯೂ ಕಲ್ಲಿಗೆ ಒದಗುತ್ತದೆ. ಮೆಲ್ಲಗೆ ಸುತ್ತುತ್ತ ಕುಳಿತರೆ ಅದು ಗಾಳಿಗೆ ಸೋರುತ್ತದೆ, ರಬ್ಬರೂ ಸಡಿಲುತ್ತದೆ.

ಹುಡುಗ ಸೋಲಲಿಲ್ಲ. ತೋಳಿಗೆ ಬಗ್ಗದ ನಾಲ್ಕು ಜೊತೆ ಪಟ್ಟಿ ಕಟ್ಟಿದ. ಅರ್ಧ ಸುತ್ತಿ ನಿಲ್ಲಿಸಿ ಗುರಿ ನೋಡಿಕೊಂಡ. ಉಳಿದ ಸುತ್ತುಗಳನ್ನು ಸರಸರನೆ ಮುಗಿಸಿ ಆ ಕ್ಷಣವೇ ಗಾಳವನ್ನು ಬಿಟ್ಟ. ಕಲ್ಲು ಡಬ್ಬದ ತಗಡನ್ನು ಸೀಳಿ ಒಳಗೇ ಉಳಿಯಿತು. ತಾತ ಎದ್ದು ಹೋಗಿ ಮೊದಲು ನೋಡಿದ್ದು ಚಕ್ರದ ಹಲ್ಲುಗಳನ್ನು.