ಚರ್ಮದ ಟಿಬಿ: ಮಚ್ಚೆ ಮಾಡೋದು ಯಾರು?

ಕೆಸರೆಯಿಂದ ಬಸ್ ಹಿಡಿದು ಕಾಲೇಜಿಗೆ ಬರೋ ನಮ್ಮಲ್ಲಿ ಬಹುತೇಕ ಎಲ್ಲರ ಎಡತೋಳಲ್ಲೂ ಬಿಸಿಜಿ ಲಸಿಕೆಯ ಕಲೆ ಇದೆ. ಅದು ಬರೀ ಸೂಜಿ ಗುರುತಲ್ಲ. ಲಸಿಕೆಯಲ್ಲಿದ್ದ ದುರ್ಬಲ ರೋಗಾಣುವಿನ ಜೊತೆ ಮೈ ಹೋರಾಡಿದ ಜಾಗ. ಚರ್ಮದ ಟಿಬಿಯಲ್ಲೂ ಹೆಚ್ಚುಕಮ್ಮಿ ಇದೇ ಕಥೆ, ಆದರೆ ಎದುರಾಳಿ ದುರ್ಬಲ ಅಲ್ಲ.

ಮ್ಯಾಕ್ರೋಫೇಜ್ ಎಂಬ ಕಾವಲು ಕೋಶ ಟಿಬಿ ರೋಗಾಣುವನ್ನು ನುಂಗುತ್ತೆ, ಅರಗಿಸಿಕೊಳ್ಳೋಕೆ ಆಗಲ್ಲ. ರೋಗಾಣುವಿನ ಮೇಣದಂಥ ಹೊದಿಕೆ ಅಷ್ಟು ಗಟ್ಟಿ. ಕೋಶದೊಳಗೇ ಅಡಗಿರೋದರಿಂದ ಆಂಟಿಬಾಡಿಗಳ ಕೈಗೂ ಅದು ಸಿಗಲ್ಲ. ಆಗ ಟಿ-ಕೋಶಗಳು ಬಂದು ಇಂಟರ್‌ಫೆರಾನ್-ಗಾಮಾ ಎಂಬ ಸಿಗ್ನಲ್ ಕೊಡುತ್ತವೆ. ಚುರುಕಾದ ಮ್ಯಾಕ್ರೋಫೇಜ್‌ಗಳು ಸುತ್ತ ಸೇರಿ ಕೋಟೆ ಕಟ್ಟುತ್ತವೆ. ಇದೇ ಗ್ರಾನುಲೋಮಾ.

ವಿಚಿತ್ರ ನೋಡಿ: ಲೂಪಸ್ ವಲ್ಗಾರಿಸ್ ಅನ್ನೋ ಬಗೆಯಲ್ಲಿ ಕೆಂಪು-ಕಂದು ಮಚ್ಚೆ ವರ್ಷಗಟ್ಟಲೆ ಹರಡುತ್ತೆ, ಒಳಗೆ ಹುಡುಕಿದ್ರೆ ರೋಗಾಣು ಸಿಗೋದೇ ಕಷ್ಟ. ಚರ್ಮ ಹಾಳು ಮಾಡ್ತಿರೋದು ಹೆಚ್ಚಾಗಿ ನಮ್ಮದೇ ಸೈನ್ಯ! ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಉಲ್ಟಾ: ಕೋಟೆ ಸರಿಯಾಗಿ ಏಳಲ್ಲ, ರೋಗಾಣು ತುಂಬಿರುತ್ತೆ.

ಅದಕ್ಕೇ ಮೆಡಿಕಲ್ ಶಾಪಿನಿಂದ ಸುಮ್ಮನೆ ತಂದು ಹಚ್ಚೋ ಸ್ಟೀರಾಯ್ಡ್ ಕ್ರೀಮ್ ಕಂಡ್ರೆ ನಮಗೆ ಭಯ. ಕೆಂಪೇನೋ ಇಳಿಯುತ್ತೆ, ಕಾವಲುಗಾರರೂ ಮಲಗ್ತಾರೆ. ನೋವಿಲ್ಲದ ಮಚ್ಚೆ ತಿಂಗಳುಗಟ್ಟಲೆ ಮಾಯದಿದ್ರೆ ಚರ್ಮದ ಡಾಕ್ಟರಿಗೆ ತೋರಿಸಿ. ಟಿಬಿ ಅಂತ ಗೊತ್ತಾದ್ರೆ ಸಾಮಾನ್ಯವಾಗಿ 6 ತಿಂಗಳು ಮಾತ್ರೆ, ಸರ್ಕಾರದಿಂದ ಉಚಿತ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಕಟ್ಟಿದ್ದೇ ಟಿಬಿಗಾಗಿ.