ಹೊಸದಾಗಿ ಕಟ್ಟಿದ ಎಂಜಿನ್ನನ್ನು ಪಳಗಿಸುವ ಬಗೆ

ಹಿಂದೂಸ್ತಾನ್ ಅಂಬಾಸಿಡರ್ ಗಾಡಿಯ ತಯಾರಿಕೆಯು ಉತ್ತರಪಾರಾದ ಕಾರ್ಖಾನೆಯಲ್ಲಿ ೨೦೧೪ರಲ್ಲಿ ನಿಂತುಹೋಯಿತು. ಆದರೂ ತಂದೆಯವರ ಕಾಲದ ಗಾಡಿಯನ್ನು ಮಾರಲೊಲ್ಲದೆ ಇಟ್ಟುಕೊಂಡಿರುವ ಮನೆಗಳು ನಮ್ಮ ನಗರಗಳಲ್ಲಿ ಇನ್ನೂ ಉಂಟು. ಅಂಥ ಗಾಡಿಯು ನೀಲಿಯ ಹೊಗೆಯನ್ನು ಬಿಡುತ್ತ ಎಣ್ಣೆಯನ್ನು ಕುಡಿಯಲಾರಂಭಿಸಿದಾಗ ಯಜಮಾನರು ಎಂಜಿನ್ನನ್ನು ಬಿಚ್ಚಿಸಿ, ಸಿಲಿಂಡರುಗಳಿಗೆ ಬೋರ್ ಹೊಡೆಸಿ, ಹೊಸ ಪಿಸ್ಟನ್ನುಗಳನ್ನೂ ರಿಂಗುಗಳನ್ನೂ ಹಾಕಿಸುತ್ತಾರೆ. ವಾರಗಟ್ಟಲೆ ಕೆಲಸ ನಡೆದು, ಕೈಯ ಹಣವೂ ಕರಗಿ, ಗಾಡಿಯು ಮನೆಗೆ ಹೊರಡುವ ದಿನ ಮೇಸ್ತ್ರಿಯು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಸ್ವಲ್ಪ ದಿನ ನಿಧಾನವಾಗಿ ಓಡಿಸಿ, ಸ್ವಾಮಿ.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ನಡೆದುಕೊಂಡರೆ ಮಾಡಿದ ಖರ್ಚೆಲ್ಲ ವ್ಯರ್ಥವಾಗುವ ಸಂಭವವುಂಟು.

ಅಂಬಾಸಿಡರಿನಲ್ಲಿ ಬಹುಕಾಲ ನಡೆದುಬಂದ ೧,೪೮೯ ಘನ ಸೆಂಟಿಮೀಟರಿನ ಎಂಜಿನ್ನನ್ನೇ ನಿದರ್ಶನವಾಗಿಟ್ಟುಕೊಳ್ಳೋಣ. ಇಂಗ್ಲೆಂಡಿನ ಬಿ.ಎಂ.ಸಿ. ಸಂಸ್ಥೆಯವರು ರೂಪಿಸಿದ ಇದರಲ್ಲಿ ಸಿಲಿಂಡರುಗಳು ನಾಲ್ಕು. ಒಂದೊಂದರ ವ್ಯಾಸವು ಸುಮಾರು ೭೩ ಮಿಲಿಮೀಟರು. ಬೋರ್ ಹೊಡೆದ ಬಳಿಕ ಹೋನಿಂಗ್ ಕಲ್ಲಿನಿಂದ ಉಜ್ಜುವುದರಿಂದ ಸಿಲಿಂಡರಿನ ಒಳಗೋಡೆಯ ಮೇಲೆ ಒಂದನ್ನೊಂದು ಹಾಯುವ ಸಣ್ಣ ಗೀರುಗಳು ಮೂಡುತ್ತವೆ. ಈ ಗೀರುಗಳ ತಗ್ಗಿನಲ್ಲಿ ಎಣ್ಣೆಯು ನಿಲ್ಲಬೇಕು. ಅವುಗಳ ನಡುವಣ ಏಣುಗಳ ತುದಿಯಾದರೋ ರಿಂಗಿನ ಉಜ್ಜಾಟದಿಂದ ಸವೆದು ಮಟ್ಟವಾಗಬೇಕು. ರಿಂಗಿನ ಅಂಚೂ ಗೋಡೆಗೆ ತಕ್ಕಂತೆ ಸವೆಯಬೇಕು. ರಿಂಗು ಕೂರುವುದು ಎಂಬುದರ ಅರ್ಥ ಇದೇ.

ರಿಂಗನ್ನು ಗೋಡೆಗೆ ಒತ್ತುವುದು ಯಾವುದು? ಅದರದೇ ಬಿಗುಪು ಎಂದು ಅನೇಕರ ಎಣಿಕೆ. ಆ ಬಿಗುಪು ಅಲ್ಪವಾದುದು. ಉರಿಯುವ ಅನಿಲವು ಪಿಸ್ಟನ್ನಿನ ತೋಡಿನೊಳಕ್ಕೆ ನುಗ್ಗಿ, ರಿಂಗಿನ ಬೆನ್ನಹಿಂದೆ ಸೇರಿ, ಅದನ್ನು ಹೊರಕ್ಕೆ ನೂಕುತ್ತದೆ. ಮುಖ್ಯವಾದ ಒತ್ತಡ ಇದು. ಇದು ಎಷ್ಟಿರಬೇಕೆಂಬುದು ಆಕ್ಸಿಲರೇಟರನ್ನು ಎಷ್ಟು ತುಳಿದೆವೆಂಬುದನ್ನು ಅವಲಂಬಿಸಿರುತ್ತದೆ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಗಂಟೆಗಟ್ಟಲೆ ಸುಮ್ಮನೆ ಗುರುಗುಟ್ಟಿಸಿದರೆ ಒತ್ತಡವೇ ಹುಟ್ಟದೆ ರಿಂಗು ಎಣ್ಣೆಯ ಮೇಲೆ ತೇಲಾಡುತ್ತದೆ. ಗೋಡೆಯಲ್ಲಿ ಉಳಿದ ಎಣ್ಣೆಯು ಅರೆಬೆಂದು ಗೀರುಗಳೊಳಗೆ ವಾರ್ನಿಷಿನಂತೆ ಅಂಟಿಕೊಳ್ಳುತ್ತದೆ. ಇದಕ್ಕೆ ಗ್ಲೇಜ್ ಎಂದು ಹೆಸರು. ಗ್ಲೇಜು ಗಟ್ಟಿಯಾಗಿ ಕಟ್ಟಿದ ಮೇಲೆ ಎಂಜಿನ್ನನ್ನು ಮರಳಿ ಬಿಚ್ಚಿ, ಹೋನ್ ಮಾಡಿಸುವುದೇ ಖಚಿತವಾದ ಉಪಾಯ. ನಮ್ಮ ಅಭಿಪ್ರಾಯದಲ್ಲಿ, ಜತನದಿಂದ ಓಡಿಸಬೇಕೆಂಬ ಅತಿಯಾದ ಕಾಳಜಿಯಿಂದ ಕೆಡುವ ಎಂಜಿನ್ನುಗಳು ಕಡಮೆಯೇನಲ್ಲ.

ಹಾಗಾದರೆ ನಿಧಾನದ ಮಾತು ಎಲ್ಲಿಂದ ಬಂದಿತು? ಹಿಂದಿನ ಗಾಡಿಗಳಲ್ಲಿ ಬಿಳಿಲೋಹವನ್ನು ಕರಗಿಸಿ ಹೊಯ್ದು, ಕೈಯಿಂದ ಹೆರೆದು ಬೇರಿಂಗುಗಳನ್ನು ಕೂಡಿಸುತ್ತಿದ್ದರು. ಅವುಗಳ ಉಬ್ಬುತಗ್ಗು ಸರಿಹೋಗುವ ತನಕ ವೇಗವು ಅಪಾಯಕರವಾಗಿದ್ದಿತು. ಇಂಗ್ಲೆಂಡಿನಲ್ಲಿ ಅಂಥ ಗಾಡಿಗಳ ಹಿಂಗಾಜಿಗೆ ‘ಎಂಜಿನ್ನನ್ನು ಪಳಗಿಸುತ್ತಿದ್ದೇವೆ, ದಯವಿಟ್ಟು ಮುಂದೆ ಹೋಗಿ’ ಎಂಬರ್ಥದ ಚೀಟಿಯನ್ನು ಅಂಟಿಸುವ ವಾಡಿಕೆಯಿತ್ತು. ನಮ್ಮ ರಸ್ತೆಗಳಲ್ಲಿ ಅಂಥ ಅಪ್ಪಣೆಗಾಗಿ ಕಾಯುವವರು ಯಾರೂ ಇಲ್ಲ! ನಾವು ಹೇಳುತ್ತಿರುವ ಎಂಜಿನ್ನಿನಲ್ಲಿರುವುದು ಕಾರ್ಖಾನೆಯಲ್ಲಿಯೇ ಅಳತೆಗೆ ಸರಿಯಾಗಿ ತಯಾರಾದ ತೆಳುವಾದ ಬೇರಿಂಗು. ಅದು ಎಣ್ಣೆಯ ಪದರದ ಮೇಲೆ ತಿರುಗುವುದರಿಂದ ಅದಕ್ಕೆ ಈ ಉಪಚಾರವು ಬೇಡ. ಆದರೂ ಹೊಸ ಉಜ್ಜಾಟದಿಂದ ಶಾಖವು ಹೆಚ್ಚುತ್ತದೆ. ಅತಿ ವೇಗವಾಗಿ ಓಡಿಸಿದರೆ ಪಿಸ್ಟನ್ನು ಹಿಗ್ಗಿ ಸಿಲಿಂಡರನ್ನು ಕಚ್ಚಿಕೊಳ್ಳಬಹುದು. ಆದಕಾರಣ ವೇಗಕ್ಕೆ ಮಿತಿಯಿರಲಿ, ಹೊರೆಯಿಲ್ಲದೆ ಮಾತ್ರ ಓಡಿಸಬಾರದು. ವೇಗವೂ ಹೊರೆಯೂ ಬೇರೆ ಬೇರೆ ಎಂಬುದನ್ನು ಮರೆಯುವುದರಿಂದಲೇ ಗೊಂದಲವೆಲ್ಲ ಹುಟ್ಟಿದೆ.

ಮೊದಲ ಇಪ್ಪತ್ತು ನಿಮಿಷಗಳಲ್ಲಿ ಎಚ್ಚರವು ಬೇಕಾದುದು ಇನ್ನೊಂದು ಕಡೆ. ಕವಾಟಗಳನ್ನು ಎತ್ತುವ ಕ್ಯಾಮ್ ಷಾಫ್ಟಿನ ಮೂಗು ಟ್ಯಾಪೆಟ್ಟಿನ ತಳವನ್ನು ನೇರವಾಗಿ ಉಜ್ಜುತ್ತದೆ. ಆ ಸ್ಥಳಕ್ಕೆ ಎಣ್ಣೆಯು ದೊರೆಯುವುದು ಬಹುಮಟ್ಟಿಗೆ ಕ್ರ್ಯಾಂಕು ಎರಚಿದ ತುಂತುರಿನಿಂದ. ಮೆಲ್ಲಗೆ ತಿರುಗಿದರೆ ತುಂತುರು ಸಾಲದು. ಹೊಸ ಕ್ಯಾಮನ್ನೋ ಟ್ಯಾಪೆಟ್ಟುಗಳನ್ನೋ ಹಾಕಿದ್ದರೆ ಇದು ಇನ್ನೂ ಮುಖ್ಯ. ಆದುದರಿಂದ ಮೊದಲು ಪ್ಲಗ್ಗುಗಳನ್ನು ಬಿಚ್ಚಿ, ಎಣ್ಣೆಯ ಒತ್ತಡವು ಕಾಣಿಸುವವರೆಗೆ ಎಂಜಿನ್ನನ್ನು ತಿರುಗಿಸತಕ್ಕದ್ದು. ಆಮೇಲೆ ಕಾರ್ಬುರೇಟರಿನಲ್ಲಿ ಪೆಟ್ರೋಲು ತುಂಬಿದೆಯೆಂದೂ ಇಗ್ನಿಷನ್ ಸರಿಯಾಗಿದೆಯೆಂದೂ ನೋಡಿ, ಹೊತ್ತಿಕೊಂಡ ಒಡನೆ ನಿಮಿಷಕ್ಕೆ ಸುಮಾರು ೨,೦೦೦ ಸುತ್ತಿಗೆ ಏರಿಸಿ, ೧,೫೦೦ರಿಂದ ೨,೫೦೦ರ ನಡುವೆ ಬದಲಾಯಿಸುತ್ತ ಇಪ್ಪತ್ತು ನಿಮಿಷ ನಡೆಸಬೇಕು. ನೀರು ಕಾದರೆ ನಿಲ್ಲಿಸಿ, ಆರಿದ ಮೇಲೆ ಮುಂದುವರಿಸಬಹುದು. ಎಣ್ಣೆಯಲ್ಲಿ ಸತು ಮತ್ತು ರಂಜಕದ ಸಂಯುಕ್ತವು ಸಾಕಷ್ಟಿರಬೇಕು. ಈಚಿನ ಗಾಡಿಗಳ ಹೊಗೆ ಶುದ್ಧಿಮಾಡುವ ಉಪಕರಣಕ್ಕೆ ರಂಜಕವು ಹಾನಿಕರವಾದ್ದರಿಂದ ಈಗಿನ ಅನೇಕ ಎಣ್ಣೆಗಳಲ್ಲಿ ಅದನ್ನು ಕಡಮೆ ಮಾಡಿದ್ದಾರೆ. ಕೊಳ್ಳುವಾಗ ಡಬ್ಬಿಯನ್ನು ಓದಿ ಕೊಳ್ಳಿ. ರಿಂಗು ಕೂರುವವರೆಗೆ ಸಿಂಥೆಟಿಕ್ ಎಣ್ಣೆಯನ್ನು ನಾವು ಸಲಹೆ ಮಾಡುವುದಿಲ್ಲ.

ಲೋಹದ ಪುಡಿ ಸೇರಿದ ಆ ಮೊದಲ ಎಣ್ಣೆಯನ್ನು ಬಿಸಿಯಾಗಿರುವಾಗಲೇ ಇಳಿಸಿ, ಫಿಲ್ಟರನ್ನೂ ಬದಲಾಯಿಸಿ, ಅದೇ ದಿನ ರಸ್ತೆಗಿಳಿಯುವುದು ಲೇಸು. ಬೆಂಗಳೂರಿನವರು ಸಿಲ್ಕ್ ಬೋರ್ಡ್ ಕೂಡುರಸ್ತೆಯ ಕಡೆಗೆ ಮಾತ್ರ ಹೋಗದಿರಲಿ. ಬೆಳಗಿನ ಹೊತ್ತು ನಂದಿಬೆಟ್ಟದ ಕಡೆಗೆ ಹೊರಟರೆ ಅನುಕೂಲ. ಎಂಜಿನ್ನು ಕಾದ ಬಳಿಕ ಮೂರನೆಯ ಗೇರಿನಲ್ಲಿ ೩೦ ಕಿಲೋಮೀಟರಿನ ವೇಗದಿಂದ ೫೫ರವರೆಗೆ ಚೆನ್ನಾಗಿ ತುಳಿದು ಏರಿಸಿ, ಅನಂತರ ಕಾಲನ್ನು ಪೂರ್ತಿ ತೆಗೆದು ಅದೇ ಗೇರಿನಲ್ಲಿಯೇ ೩೦ಕ್ಕೆ ಇಳಿಯಗೊಡಬೇಕು. ತುಳಿದಾಗ ರಿಂಗು ಗೋಡೆಗೆ ಒತ್ತುತ್ತದೆ. ಬಿಟ್ಟಾಗ ಸಿಲಿಂಡರಿನಲ್ಲಿ ಉಂಟಾಗುವ ಸೆಳೆತದಿಂದ ಎಣ್ಣೆಯು ಮೇಲೇರಿ ರಿಂಗನ್ನು ತಣಿಸುತ್ತದೆ. ಹೀಗೆ ಹತ್ತು ಹನ್ನೆರಡು ಸಲ ಮಾಡಿದರೆ ಕೆಲಸದ ದೊಡ್ಡ ಭಾಗವು ಮುಗಿದಂತೆಯೇ. ಮೊದಲ ೮೦೦ ಕಿಲೋಮೀಟರು ಒಂದೇ ವೇಗದಲ್ಲಿ ಬಹುದೂರ ಹೋಗುವುದು, ಮೇಲಿನ ಗೇರಿನಲ್ಲಿ ಏದುಸಿರು ಬಿಡಿಸುತ್ತ ಏರು ಹತ್ತಿಸುವುದು, ಇವೆರಡೂ ಬೇಡ.

ಎಂಟುನೂರಾದ ಮೇಲೆ ಎಣ್ಣೆಯನ್ನು ಮತ್ತೊಮ್ಮೆ ಬದಲಾಯಿಸಿ, ಹೆಡ್ಡಿನ ನಟ್ಟುಗಳ ಬಿಗಿಯನ್ನೂ ಟ್ಯಾಪೆಟ್ಟುಗಳ ಸಂದನ್ನೂ ನೋಡಿಸಬೇಕು. ಎಣ್ಣೆಯ ಮಟ್ಟವು ಇಳಿಯದೆ ನಿಲ್ಲುತ್ತಿದ್ದರೆ, ಪ್ಲಗ್ಗಿನ ತುದಿಯು ಜಿಡ್ಡುಗಟ್ಟದೆ ತಿಳಿಕಂದು ಬಣ್ಣಕ್ಕೆ ಬಂದಿದ್ದರೆ, ರಿಂಗು ಕೂತಿದೆ ಎಂದು ತಿಳಿಯಬಹುದು. ಕ್ರೋಮಿನ ಗಟ್ಟಿ ರಿಂಗುಗಳನ್ನು ಹಾಕಿಸಿದ್ದರೆ ಇದಕ್ಕೆ ಇನ್ನೂ ಹೆಚ್ಚು ದೂರ ಹಿಡಿಯುವುದು. ಅಂಥವರು ಇನ್ನೊಂದು ಎಂಟುನೂರು ಕಿಲೋಮೀಟರು ಕಾದು ನೋಡಿ, ಆಮೇಲೆ ಮೇಸ್ತ್ರಿಯನ್ನು ದೂರಬಹುದು.