ದಾರ ಜಗ್ಗಿದರೆ ಓಡುವ ಲಾಳಿ

ಕೈಮಗ್ಗದ ಮನೆ ಮುಂದೆ ಹಾದುಹೋದವರಿಗೆ ಆ ಸದ್ದು ಗೊತ್ತು: ಲಟಕ್-ಪಟಕ್, ಲಟಕ್-ಪಟಕ್. ಅಜ್ಜ-ಮುತ್ತಜ್ಜಂದಿರ ಕಾಲದಿಂದ ಬಂದ ಸದ್ದು ಎಂದುಕೊಳ್ಳುತ್ತೇವೆ. ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಬಡಿಯುವ ಸದ್ದೇನೋ ಪುರಾತನವೇ. ಲಾಳಿ ಪೆಟ್ಟಿಗೆಗೆ ಬಡಿಯುವ ಸದ್ದು ಮಾತ್ರ ಇಂಗ್ಲೆಂಡಿನದು, 1733ರದು.

ಅದಕ್ಕೆ ಮುಂಚೆ ನೇಕಾರ ಒಂದು ಕೈಯಿಂದ ಲಾಳಿ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯುತ್ತಿದ್ದ. ಹಾಗಾಗಿ ಅವನ ತೋಳು ಚಾಚುವಷ್ಟೇ ಬಟ್ಟೆಯ ಪನ್ನ. ಅದಕ್ಕಿಂತ ಅಗಲದ ಉಣ್ಣೆಬಟ್ಟೆ ಬೇಕೆಂದರೆ ಒಂದೇ ಮಗ್ಗಕ್ಕೆ ಇಬ್ಬರು ಕೂತು, ಲಾಳಿಯನ್ನು ಅತ್ತಿಂದಿತ್ತ ಎಸೆದಾಡಬೇಕಿತ್ತು. ಲ್ಯಾಂಕಾಶೈರಿನ ಬರಿ ಊರಿನ ಕಡೆಯ ಜಾನ್ ಕೇ ಮಾಡಿದ ಉಪಾಯ ನೋಡಿದರೆ, ಇಷ್ಟೇನಾ ಅನ್ನಿಸುತ್ತದೆ. ಲಾಳಿಗೆ ಪುಟ್ಟ ಗಾಲಿ, ಅದು ಉರುಳಲು ಹಣಿಗೆಯ ಬುಡದಲ್ಲೊಂದು ಹಲಗೆ, ಎರಡು ತುದಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಲಾಳಿಯನ್ನು ತಳ್ಳುವ ತುಂಡು. ಎರಡೂ ತುಂಡುಗಳಿಗೆ ಕಟ್ಟಿದ ದಾರ ನೇಕಾರನ ಕೈಯ ಹಿಡಿಗೆ ಬಂದು ಸೇರುತ್ತದೆ. ಹಿಡಿ ಜಗ್ಗಿದರೆ ಲಾಳಿ ಹಾಸಿನ ಉದ್ದ ಎಳೆಗಳ ನಡುವೆ ನುಗ್ಗಿ ಆಚೆ ಪೆಟ್ಟಿಗೆ ಸೇರುತ್ತದೆ, ಹಿಂದೆ ಹೊಕ್ಕಿನ ಅಡ್ಡ ನೂಲು ಬಿಟ್ಟುಕೊಂಡು. ಇಬ್ಬರ ಕೆಲಸಕ್ಕೆ ಒಬ್ಬ ಸಾಕಾದ.

ಕೇಗೆ ಇದರಿಂದ ಸಿಕ್ಕಿದ್ದು ಬರೀ ತಲೆನೋವು. ಪೇಟೆಂಟಿನ ಹಣ ಕೊಡಬಾರದೆಂದೇ ಬಟ್ಟೆ ಸಾಹುಕಾರರು ಸಂಘ ಕಟ್ಟಿಕೊಂಡರು. ಅವನು ಕೋರ್ಟಿಗೆ ಅಲೆದು ಸುಸ್ತಾಗಿ 1747ರಲ್ಲಿ ಫ್ರಾನ್ಸಿಗೆ ಹೋದ. ಲಾಳಿ ಇಂಗ್ಲೆಂಡಿನಲ್ಲೇ ಉಳಿದು ಹತ್ತಿ ಮಗ್ಗಗಳಿಗೂ ಹಬ್ಬಿತು. ಈಗ ನೂಲಿಗೆ ಬರ! ಮೊದಲೇ ಒಬ್ಬ ನೇಕಾರನಿಗೆ ನೂಲು ಪೂರೈಸಲು ನಾಲ್ಕಾರು ಹೆಂಗಸರು ರಾಟೆ ತಿರುಗಿಸಬೇಕಿತ್ತು. ಹಾರ್ಗ್ರೀವ್ಸ್‌ನ ಜೆನ್ನಿ, ಆರ್ಕ್‌ರೈಟನ ನೀರಿನ ಯಂತ್ರ, 1779ರಲ್ಲಿ ಕ್ರಾಂಪ್ಟನ್ನನ ಮ್ಯೂಲ್, ಹೀಗೆ ನೂಲುವ ಯಂತ್ರಗಳು ಬಂದ ಮೇಲೆ ತಕ್ಕಡಿ ಇನ್ನೊಂದು ಕಡೆ ವಾಲಿತು. ನೂಲು ರಾಶಿ ಬಿತ್ತು, ನೇಯುವವರು ಸಾಲದಾದರು.

ಆಗ ಯಂತ್ರಮಗ್ಗ ಮಾಡಲು ಹೊರಟವನು ಎಡ್ಮಂಡ್ ಕಾರ್ಟ್‌ರೈಟ್ ಎಂಬ ಪಾದ್ರಿ. ಮನುಷ್ಯ ನೇಯುವುದನ್ನೇ ಅವನು ನೋಡಿರಲಿಲ್ಲ! 1785ರ ಅವನ ಮೊದಲ ಮಗ್ಗ ನಡೆಸಲು ಇಬ್ಬರು ಗಟ್ಟಿ ಆಳುಗಳು ಬೇಕಾದರು, ಅವರೂ ಬೇಗ ದಣಿಯುತ್ತಿದ್ದರು. ನಿಜವಾದ ತೊಡಕು ಬಲದ್ದಲ್ಲ. ಹಾಸಿನ ಎಳೆ ಕಡಿದರೆ ನೇಕಾರನ ಕೈಗೆ, ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಯಂತ್ರಕ್ಕೆ ಅದರ ಗೊಡವೆಯಿಲ್ಲ, ನೇಯುತ್ತಲೇ ಹೋಗುತ್ತದೆ. ಹಾಸಿನ ಎಳೆಗಳಿಗೆ ಗಂಜಿ ಹಚ್ಚಲು ಮಗ್ಗವನ್ನು ಆಗಾಗ ನಿಲ್ಲಿಸಬೇಕಿತ್ತು ಬೇರೆ. ಗಂಜಿಗೂ ಪ್ರತ್ಯೇಕ ಯಂತ್ರ ಬಂದು, ಹಾರಕ್ಸ್, ರಾಬರ್ಟ್ಸ್‌ರಂಥವರು ತಿದ್ದಿದ ಮೇಲಷ್ಟೇ ಯಂತ್ರಮಗ್ಗ ದಾರಿಗೆ ಬಂತು. 1813ರಲ್ಲಿ ಬ್ರಿಟನ್ನಿನಲ್ಲಿ ಅಂದಾಜು 2,400 ಇದ್ದವು, 1833ಕ್ಕೆ ಸುಮಾರು ಒಂದು ಲಕ್ಷ. ಅವು ನೇಯ್ದ ಅಗ್ಗದ ಬಟ್ಟೆ ನಮ್ಮ ಸಂತೆಗೂ ಬಂದಿಳಿಯಿತು.

ಕೇಯ ಲಾಳಿ ದಕ್ಷಿಣದ ಕೈಮಗ್ಗಗಳಲ್ಲಿ ಬೇರೂರಿದ್ದು ತೀರ ತಡವಾಗಿ. 20ನೇ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅದನ್ನು ಹಬ್ಬಿಸಲು ಓಡಾಡಿದವರಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಒಬ್ಬರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದವರೂ ಅವರೇ.

ಆದರೂ ಎಲ್ಲ ಸೀರೆಯೂ ಆ ದಾರಕ್ಕೆ ಬಗ್ಗಲಿಲ್ಲ. ಕಾಂಚೀಪುರದ ಕೊರ್ವೈ ಸೀರೆಯಲ್ಲಿ ಒಡಲಿನ ಬಣ್ಣವೇ ಬೇರೆ, ಅಂಚಿನದೇ ಬೇರೆ. ಹೊಕ್ಕು ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಹೋಗುವಂತಿಲ್ಲ. ಮೂರು ಲಾಳಿ ಬೇಕು, ಪ್ರತಿ ಸಾಲಿಗೂ ಅಂಚಿನಲ್ಲಿ ಎಳೆಗೆ ಎಳೆ ಕೊಂಡಿ ಹಾಕಬೇಕು. ಅದಕ್ಕೇ ಅಲ್ಲಿ ನೇಕಾರನ ಪಕ್ಕದಲ್ಲಿ ಇನ್ನೊಬ್ಬ ಕೂರುತ್ತಾನೆ, ಲಾಳಿಯನ್ನು ಕೈಯಿಂದಲೇ ದಾಟಿಸಲು.